ಜೇನಿಗೂ ಒಂದು ಪಾಲು

ಬೇಸಿಗೆ ರಜೆಯಲ್ಲಿ ಆನಂದಪುರದ ಕಡೆ ಹೋದವರು ಹೂಬಿಟ್ಟ ನೇರಳೆ ಮರದಡಿ ನಿಂತು ಕಿವಿಗೊಡಬೇಕು. ಮರಕ್ಕೆ ಮರವೇ ಗುಂಯ್‌ಗುಡುತ್ತಿರುತ್ತದೆ. ಯುರೋಪಿನ ಜೇನಿಗೆ ಜೂನ್–ಜುಲೈ ತಿಂಗಳ ಲಿಂಡನ್ ಹೂವು ಹೇಗೋ, ಮಲೆನಾಡಿನ ತುಡುವೆಗೆ ನೇರಳೆ ಹಾಗೆ. ಅದೇ ಸುಗ್ಗಿ.

ನೊಣಗಳು ಮಕರಂದವನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ತರುತ್ತವೆ. ಒಂದರ ಬಾಯಿಂದ ಇನ್ನೊಂದಕ್ಕೆ ದಾಟಿಸುತ್ತ, ರೆಕ್ಕೆ ಬೀಸಿ ನೀರಿನಂಶ ಆರಿಸುತ್ತವೆ. ನೀರು ಸುಮಾರು ಶೇ 20ಕ್ಕೆ ಇಳಿದಾಗ ಕಣಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ಆಗ ಜೇನು ಪಕ್ವವಾಯಿತೆಂದು ಅರ್ಥ.

ತಿಳಿದ ಸಾಕಣೆದಾರರು ಪೆಟ್ಟಿಗೆಯ ಮೇಲಿನ ಕೋಣೆಯಿಂದ ಮಾತ್ರ ತುಪ್ಪ ತೆಗೆಯುತ್ತಾರೆ. ಕೆಳಗಿನದು ಜೇನಿನ ಪಾಲು. ಜೂನ್‌ನಲ್ಲಿ ಮಳೆ ಹಿಡಿದರೆ ಹೂವೂ ವಿರಳ, ಹಾರಾಟವೂ ಕಡಿಮೆ. ದಾಸ್ತಾನಿಲ್ಲದ ಕುಟುಂಬಕ್ಕೆ ಸಕ್ಕರೆ ಪಾಕ ಕೊಡದಿದ್ದರೆ ಅದು ಗೂಡು ಬಿಟ್ಟು ಹೋಗುತ್ತದೆ.

ಕುಟುಂಬದ ಬೆಲೆ ಏನೆಂದು 1991–92 ಕಲಿಸಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದಲ್ಲಿ ತುಡುವೆಯ ಮರಿಗಳನ್ನು ಕೊಂದು, ಸಾವಿರಾರು ಪೆಟ್ಟಿಗೆಗಳನ್ನು ಬರಿದು ಮಾಡಿತು. ಅಳಿದುಳಿದ ಕುಟುಂಬಗಳಿಂದಲೇ ಸಾಕಣೆ ಮತ್ತೆ ಚಿಗುರಿತು. ಹಾಗಾಗಿ ಸುಗ್ಗಿಯಲ್ಲಿ ಎಷ್ಟು ತುಪ್ಪ ತೆಗೆದರೆಂಬುದಕ್ಕಿಂತ ಎಷ್ಟು ಬಿಟ್ಟರೆಂಬುದೇ ಮುಂದಿನ ವರ್ಷದ ಫಸಲನ್ನು ನಿರ್ಧರಿಸುತ್ತದೆ.