ಅಂಕಿಗೆ ಗುರುತು ಕೊಡುವ ಕಸುಬು

ನವಿ ಮುಂಬೈಯ ಟ್ರಾನ್ಸ್-ಹಾರ್ಬರ್ ರೈಲುಮಾರ್ಗದಲ್ಲಿ ಐರೋಲಿ ದಾಟಿದರೆ ಸಿಗುವ ನಿಲ್ದಾಣ ರಬಾಳೆ. ಠಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಹಬ್ಬಿರುವ ಟಿಟಿಸಿ (ಟ್ರಾನ್ಸ್ ಠಾಣೆ ಕ್ರೀಕ್) ಕೈಗಾರಿಕಾ ಪ್ರದೇಶದ ಈ ಊರಲ್ಲಿ ಕಾರ್ಖಾನೆಗಳ ಮಗ್ಗುಲಲ್ಲೇ ಡೇಟಾ ಸೆಂಟರ್‌ಗಳೂ ಎದ್ದಿವೆ. ಇಲ್ಲಿಯವರು ಉಸಿರಾಡುವ ಗಾಳಿ ಹೇಗಿದೆ ಎಂದು ತಿಳಿಯಲು ಐರೋಲಿ, ಮಹಾಪೆ, ನೆರೂಳಗಳ ಮಾಪನ ಕೇಂದ್ರಗಳ ಅಂಕಿಗಳನ್ನು ನೋಡಬೇಕು.

ಈ ಮೂರು ಕೇಂದ್ರಗಳ ತಿಂಗಳ ಸರಾಸರಿಯನ್ನು ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತೇವೆ ಎನ್ನಿ. ಕೇಂದ್ರಕ್ಕೊಂದು ಸಾಲು. ಅಡ್ಡಕ್ಕೆ, ಗಾಳಿಯ ಧೂಳುಕಣಗಳ ಎರಡು ಅಳತೆಗಳಾದ ಪಿಎಂ2.5 ಮತ್ತು ಪಿಎಂ10ಕ್ಕೆ ತಿಂಗಳಿಗೊಂದರಂತೆ, ‘ಪಿಎಂ2.5_1’ರಿಂದ ‘ಪಿಎಂ10_12’ರವರೆಗೆ 24 ಕಾಲಂ. ಓದುವುದಕ್ಕೆ ಸಲೀಸು, ಲೆಕ್ಕಕ್ಕೆ ತೊಡಕು. ಮಳೆಗಾಲವನ್ನಷ್ಟೇ ಬೇರ್ಪಡಿಸೋಣವೆಂದರೆ ತಿಂಗಳೆಂಬ ಕಾಲಂ ಎಲ್ಲೂ ಇಲ್ಲ; ಅದು ತಲೆಬರಹಗಳೊಳಗೆ ಅಡಗಿದೆ.

ನ್ಯೂಜಿಲೆಂಡಿನ ಸಂಖ್ಯಾಶಾಸ್ತ್ರಜ್ಞ ಹ್ಯಾಡ್ಲಿ ವಿಕಮ್ 2014ರಲ್ಲಿ ‘ಟೈಡಿ ಡೇಟಾ’ ಎಂಬ ಪ್ರಬಂಧದಲ್ಲಿ ಇದಕ್ಕೊಂದು ನಿಯಮ ಕೊಟ್ಟರು: ಪ್ರತಿ ಚರಕ್ಕೆ ಒಂದು ಕಾಲಂ, ಪ್ರತಿ ವೀಕ್ಷಣೆಗೆ ಒಂದು ಸಾಲು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಅವರು ಮೊದಲೇ ಬರೆದಿದ್ದ ‘ರೀಶೇಪ್’ ಪ್ಯಾಕೇಜ್ ಚರಗಳನ್ನು ಎರಡು ಬಗೆಯಾಗಿ ನೋಡುತ್ತದೆ. ಎಲ್ಲಿ, ಯಾವಾಗ ಎಂದು ಹೇಳುವವು ಗುರುತಿನ ಚರಗಳು. ಉಪಕರಣ ಕೊಟ್ಟ ಬೆಲೆಗಳು ಅಳತೆಯ ಚರಗಳು. ಈ ವಿಂಗಡಣೆಯೇ ಕೋಷ್ಟಕದ ಆಕಾರ ಬದಲಿಸುವ ಇಡೀ ಕಸುಬಿನ ಬುನಾದಿ.

ಈ ಪ್ಯಾಕೇಜಿನ ‘ಮೆಲ್ಟ್’ ಎಂಬ ಆದೇಶ ಅಗಲದ ಕೋಷ್ಟಕವನ್ನು ಉದ್ದ ಮಾಡುತ್ತದೆ. 24 ಕಾಲಂಗಳೂ ಅಳತೆಗಳೆಂದಷ್ಟೇ ಹೇಳಿದರೆ 72 ಸಾಲುಗಳಾಗುತ್ತವೆ, ಎಲ್ಲ ಅಂಕಿಗಳೂ ಒಂದೇ ಕಾಲಂಗೆ ಬಂದು ಬೀಳುತ್ತವೆ. ದೇಶದ 2009ರ ಮಾನದಂಡದಂತೆ ದಿನದ ಮಿತಿ ಪಿಎಂ2.5ಕ್ಕೆ ಘನಮೀಟರಿಗೆ 60 ಮೈಕ್ರೊಗ್ರಾಂ, ಪಿಎಂ10ಕ್ಕೆ 100. ಇವೆರಡನ್ನೂ ಒಂದೇ ಕಾಲಂನಲ್ಲಿ ಬೆರೆಸಿ ಸರಾಸರಿ ತೆಗೆದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ. ಮಿಲಿಗ್ರಾಂನಲ್ಲಿ ಅಳೆಯುವ ಕಾರ್ಬನ್ ಮೊನಾಕ್ಸೈಡ್ ಸೇರಿದರಂತೂ ಏಕಮಾನವೂ ಕೆಡುತ್ತದೆ.

ಕುಶಲಿ ಇಲ್ಲಿ ತಲೆಬರಹವನ್ನೇ ಬಿಡಿಸಿ ವಿವರಿಸುತ್ತಾನೆ: ಅಡಿಗೆರೆಯ ಹಿಂದಿನದು ಅಳತೆಯ ಹೆಸರು, ಮುಂದಿನದು ತಿಂಗಳು. ಆರ್‌ನ ‘ಟೈಡಿಆರ್’ ಪ್ಯಾಕೇಜಿನ ‘ಪಿವಟ್ ಲಾಂಗರ್’ ಆದೇಶದಲ್ಲಿ ‘.ವ್ಯಾಲ್ಯೂ’ ಎಂಬ ಸಂಕೇತ, ‘ಡೇಟಾ.ಟೇಬಲ್’ ಪ್ಯಾಕೇಜಿನಲ್ಲಿ ‘ಮೆಷರ್’ ಎಂಬ ಫಂಕ್ಷನ್ ಇದಕ್ಕೆಂದೇ ಇವೆ. ಆಗ ಸಾಲುಗಳು 36 ಮಾತ್ರ. ಕೇಂದ್ರ, ತಿಂಗಳು, ಪಿಎಂ2.5, ಪಿಎಂ10 ಎಂಬ ನಾಲ್ಕು ಕಾಲಂ. ಪ್ರತಿ ಅಳತೆಯೂ ತನ್ನ ಏಕಮಾನದೊಂದಿಗೆ ತನ್ನದೇ ಜಾಗದಲ್ಲಿ ನಿಲ್ಲುತ್ತದೆ.

ಸೂಕ್ಷ್ಮಗಳು ಇನ್ನೂ ಇವೆ. ಅಡಿಗೆರೆಯ ಬದಲು ಚುಕ್ಕಿ ಕಂಡಲ್ಲಿ ಕತ್ತರಿಸು ಎಂದರೆ ‘ಪಿಎಂ2.5’ ಎಂಬ ಹೆಸರೇ ತುಂಡಾಗುತ್ತದೆ. ತಲೆಬರಹದಿಂದ ಬಂದ ತಿಂಗಳು ಬರೀ ಪಠ್ಯ. ಅದನ್ನು ಸಂಖ್ಯೆಯಾಗಿಸದಿದ್ದರೆ ವಿಂಗಡಿಸುವಾಗ 10 ಎಂಬುದು 2ಕ್ಕಿಂತ ಮೊದಲೇ ಬಂದು ಕೂರುತ್ತದೆ. ಉಪಕರಣ ಕೆಟ್ಟು ಖಾಲಿ ಉಳಿದ ಚೌಕ ಖಾಲಿಯಾಗಿಯೇ ಇರಬೇಕು. ಅಲ್ಲಿ ಸೊನ್ನೆ ತುಂಬಿದರೆ ಆ ತಿಂಗಳ ಗಾಳಿಗೆ ಸುಳ್ಳು ಪ್ರಶಸ್ತಿ ಕೊಟ್ಟಂತೆ.

ಆದೇಶಗಳನ್ನು ಯಾರು ಬೇಕಾದರೂ ಬೇಗ ಕಲಿಯಬಹುದು. ಈ ಕಸುಬಿನ ಹಿರಿಮೆ ಇರುವುದು ಪ್ರತಿ ಅಂಕಿಯ ಬಗ್ಗೆ ಏನು, ಎಲ್ಲಿ, ಯಾವಾಗ, ಯಾವ ಏಕಮಾನದಲ್ಲಿ ಎಂದು ಕೇಳುವ ತಾಳ್ಮೆಯಲ್ಲಿ. ಕೋಷ್ಟಕ ಕೈಗೆ ಬಂದಾಗ ಕೋಡ್ ಬರೆಯುವ ಮೊದಲು ಪ್ರತಿ ಕಾಲಂಗೂ ಒಂದು ಸಾಲಿನ ಕನ್ನಡ ವಿವರಣೆ ಬರೆದು ನೋಡಿ. ಅದು ಸ್ಪಷ್ಟವಾದರೆ ಕೋಡ್ ತಾನಾಗಿ ಚಿಕ್ಕದಾಗುತ್ತದೆ.