ಹಳೆಯ ವಜ್ರದೊಡವೆಗೆ ನ್ಯಾಯವಾದ ಬೆಲೆ

ಚಿನ್ನಕ್ಕಿರುವಂತೆ ವಜ್ರಕ್ಕೆ ದಿನದಿನವೂ ಪ್ರಕಟವಾಗುವ ಒಂದೇ ದರವಿಲ್ಲ. ತೂಕ, ಬಣ್ಣ, ಒಳಗೆ ಕಲೆ-ಬಿರುಕುಗಳಿಲ್ಲದ ಸ್ವಚ್ಛತೆ ಮತ್ತು ಕಟ್, ಅಂದರೆ ಮುಖಗಳನ್ನು ಸಾಣೆ ಹಿಡಿದ ರೀತಿ, ಇವುಗಳಿಂದ ಪ್ರತಿ ಹರಳಿನ ಬೆಲೆಯೂ ಬೇರೆಯಾಗುತ್ತದೆ; ಮಾರುವವರು ಮೋಸಹೋಗುವುದು ಇಲ್ಲಿಯೇ.

ಕರ್ನಾಟಕದ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬರುವ ಏಳು ಕಲ್ಲಿನ ವಜ್ರದ ಓಲೆಯನ್ನೇ ನೋಡಿದರೆ, ಹಿಂಬದಿ ಮುಚ್ಚಿ ಕಟ್ಟಿದ ಹರಳುಗಳ ನಿಜವಾದ ಬಣ್ಣವಾಗಲಿ ತೂಕವಾಗಲಿ ಮೇಲುನೋಟಕ್ಕೆ ತಿಳಿಯದು. ಅವುಗಳನ್ನು ಬಿಚ್ಚಿಸಿ, ಮಾರುವವರ ಕಣ್ಣೆದುರಿಗೇ ತೂಗಿಸಿದಾಗ ಮಾತ್ರ ಕ್ಯಾರೆಟ್ ಲೆಕ್ಕ ಖಚಿತವಾಗುತ್ತದೆ (ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ). ಏಳೂ ಸೇರಿ ಒಂದು ಕ್ಯಾರೆಟ್ ತೂಗಿದರೂ, ಅದೇ ಗುಣದ ಒಂದು ಕ್ಯಾರೆಟ್ಟಿನ ಒಂಟಿ ಹರಳಿನ ಬೆಲೆ ಅವಕ್ಕೆ ದೊರೆಯದು, ಏಕೆಂದರೆ ದೊಡ್ಡ ಹರಳುಗಳು ವಿರಳ.

ಪ್ರಯೋಗಾಲಯದಲ್ಲಿ ಬೆಳೆಸಿದ ಅಗ್ಗದ ವಜ್ರಗಳು ಬರಿಗಣ್ಣಿಗೆ ಗಣಿಯ ವಜ್ರದಂತೆಯೇ ಕಾಣುವ ಈ ಕಾಲದಲ್ಲಿ, ದೊಡ್ಡ ಹರಳಿಗೆ ಜಿಐಎ ಅಥವಾ ಐಜಿಐನಂಥ ರತ್ನಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಮಾಡಿಸುವುದು ಸಾರ್ಥಕ. ಕೊಂಡಾಗ ತೆತ್ತ ಮಜೂರಿ, ತೆರಿಗೆ, ಅಂಗಡಿಯ ಲಾಭ ಮರಳಿ ಬಾರವು, ಅದು ಅನ್ಯಾಯವಲ್ಲ. ಆದರೆ ಹರಳುಗಳಿಗೆ ಬೆಲೆಯೇ ಇಲ್ಲವೆಂದು ಕರಗಿಸುವ ಚಿನ್ನದ ದರವನ್ನಷ್ಟೇ ಕೊಡುವುದು ಅನ್ಯಾಯವೇ ಸರಿ. ಚಿನ್ನದ ಬೆಲೆಯನ್ನೂ ಹರಳುಗಳ ಬೆಲೆಯನ್ನೂ ಪ್ರತ್ಯೇಕವಾಗಿ ಎರಡು ಮೂರು ಕಡೆ ಬರೆಸಿಕೊಂಡು, ಹೋಲಿಸಿ ನೋಡುವವರೆಗೆ ಒಡವೆಯನ್ನು ಯಾರಿಗೂ ಒಪ್ಪಿಸಬಾರದು.