ಹರಿಶ್ಚಂದ್ರನ ಪಾಠಕ್ಕೆ ಇಂದಿನ ಟಿಪ್ಪಣಿ ಬೇಕು

ವಾರಣಾಸಿಯ ಹರಿಶ್ಚಂದ್ರ ಘಾಟ್ ಕನ್ನಡಿಗರಿಗೆ ಅಪರಿಚಿತವಲ್ಲ. ರಾಘವಾಂಕನ ಕಾವ್ಯ, ಯಕ್ಷಗಾನ, ನಾಟಕಗಳ ಮೂಲಕ ಕಾಶಿಯ ಸುಡುಗಾಡಿನ ಕಥೆ ಮನೆಮಾತಾಗಿದೆ. ಸಂಘಗಳ ಕನ್ನಡ ಕಲಿಕಾ ತರಗತಿಗಳಲ್ಲಿ ಸತ್ಯದ ಪಾಠವೆಂದರೆ ಮೊದಲು ನೆನಪಾಗುವುದೂ ಇದೇ. ಕಾವ್ಯ ಹಳತಾಗದು; ಜತೆಗೆ ಕೊಡುವ ನಕ್ಷೆ, ಟಿಪ್ಪಣಿಗಳು ಹಳತಾಗುತ್ತವೆ.

ಪಕ್ಕದ ಕರ್ನಾಟಕ ಘಾಟ್ ಹಿಂದೆ ಮೈಸೂರು ಘಾಟ್ ಎನಿಸಿತ್ತು. ರಾಜ್ಯದ ಹೆಸರು ಬದಲಾದದ್ದು 1973ರಲ್ಲಿ. ಮೊಘಲ್‌ಸರಾಯ್ ರೈಲು ನಿಲ್ದಾಣ 2018ರಿಂದ ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್. 1986ರಲ್ಲಿ ಗಂಗಾ ಕ್ರಿಯಾ ಯೋಜನೆ ಆರಂಭವಾದ ಬಳಿಕ ಹರಿಶ್ಚಂದ್ರ ಘಾಟ್‌ನಲ್ಲಿ ಕಟ್ಟಿಗೆಯ ಚಿತೆಗಳ ಜತೆ ವಿದ್ಯುತ್ ಚಿತಾಗಾರವೂ ಬಂತು.

ಇವೆಲ್ಲ ಸುಲಭದ ತಿದ್ದುಪಡಿಗಳು. ಮುಖ್ಯವಾದದ್ದು ಬೇರೆಯೇ ಇದೆ. ಹರಿಶ್ಚಂದ್ರನನ್ನು ಕೊಂಡ ವೀರಬಾಹುವನ್ನು ಕಥೆ ಕೀಳು ಕುಲದವನೆನ್ನುತ್ತದೆ. ವಿವರಣೆಯಿಲ್ಲದೆ ಇದನ್ನು ಓದಿಸಿದರೆ, ಹೆಣ ಸುಡುವ ಕಾಯಕದವರೇ ಕೀಳೆಂದು ಮಕ್ಕಳು ಕಲಿತಾರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಕಾಶಿಯ ಘಾಟ್‌ಗಳಲ್ಲಿ ಇಂದಿಗೂ ಚಿತೆಯ ಕಾಯಕ ನಡೆಸುತ್ತಿರುವವರು ಡೋಮ್ ಸಮುದಾಯದವರು. ಅವರ ಮುಖಂಡ, 'ಡೋಮ್ ರಾಜ' ಜಗದೀಶ್ ಚೌಧರಿ ಅವರಿಗೆ 2021ರಲ್ಲಿ ಮರಣೋತ್ತರ ಪದ್ಮಶ್ರೀ ಸಂದಿದೆ. ಪಾಠದ ಕೆಳಗೆ ಈ ನಾಲ್ಕು ಸಾಲು ಸೇರಬೇಕು.

ವರ್ಷಾರಂಭದಲ್ಲಿ ಪಾಠದ ಹಾಳೆಗಳನ್ನು ಮರುಮುದ್ರಿಸುವ ಮೊದಲು ಶಿಕ್ಷಕರು ಒಮ್ಮೆ ಕುಳಿತು ಓದಿದರೆ ಸಾಕು. ಸತ್ಯವಂತನ ಕಥೆ ಕಲಿಸುವ ಹಾಳೆಯೂ ಸತ್ಯವನ್ನೇ ಹೇಳಬೇಕಲ್ಲವೇ?